ಚಳಿ ನಾಡಿನ ಹಿತ್ತಲಲ್ಲಿ ಎತ್ತರದ ವರ್ಬೀನಾ

ಅಮೆರಿಕದ ಉತ್ತರದ ಚಳಿ ರಾಜ್ಯ ಮಿನ್ನೆಸೋಟಕ್ಕೆ ಹೊಸದಾಗಿ ಬಂದವರು ಮೇ ತಿಂಗಳಲ್ಲಿ ನರ್ಸರಿಗೆ ಹೋಗಿ, ಅರಳಿ ನಿಂತ ಗಿಡ ಕೊಂಡು ತರುತ್ತಾರೆ. ತನ್ನಿ, ತಪ್ಪೇನಿಲ್ಲ. ಆದರೆ ಒಂದು ಗಿಡವನ್ನಾದರೂ ಬೀಜದಿಂದ ಬೆಳೆಸಿ ನೋಡಿ. ಇಲ್ಲಿನ ಚಳಿ ಹೇಗೆ ಕೆಲಸ ಮಾಡುತ್ತದೆ ಅಂತ ಅದು ಕಲಿಸುತ್ತದೆ. ನಾನು ಹೇಳುವುದು ವರ್ಬೀನಾ ಬೊನಾರಿಯೆನ್ಸಿಸ್. ದಕ್ಷಿಣ ಅಮೆರಿಕದ ಗಿಡ, ಬ್ಯೂನಸ್ ಐರಿಸ್ ಊರಿನಿಂದ ಬಂದ ಹೆಸರು. 3ರಿಂದ 5 ಅಡಿ ಎತ್ತರ, ಕಡ್ಡಿಯಂಥ ಕಾಂಡ, ತುದಿಯಲ್ಲಿ ನೇರಳೆ ಹೂವಿನ ಪುಟ್ಟ ಗೊಂಚಲು. ಎಲೆ ಕಮ್ಮಿ ಇರುವುದರಿಂದ ಮುಂದೆ ನೆಟ್ಟರೂ ಹಿಂದಿನ ಗಿಡ ಮರೆಯಾಗುವುದಿಲ್ಲ.

ಮೊದಲ ವರ್ಷ ನಾನು ಊರಲ್ಲಿ ಹುರುಳಿಕಾಯಿ ಬೀಜ ಹಾಕುವ ಹಾಗೆ ಬೆರಳಿನಿಂದ ಕುಳಿ ಮಾಡಿ, ಬೀಜ ಹಾಕಿ ಮುಚ್ಚಿದೆ. ಒಂದೂ ಬರಲಿಲ್ಲ. ಈ ಬೀಜ ತುಂಬಾ ಸಣ್ಣದು, ಮೊಳೆಯಲು ಬೆಳಕು ಬೇಕು. ಅದಕ್ಕೂ ಮೊದಲು ಸ್ವಲ್ಪ ದಿನ ತಂಪು ಸಿಕ್ಕಿದರೆ ಇನ್ನೂ ಒಳ್ಳೆಯದು.

ಹಾಗಾಗಿ ಫೆಬ್ರುವರಿ ಕೊನೆಗೆ ಶುರು ಮಾಡಿ. ಸ್ಟ್ರಾಬೆರಿ ಬರುವ ಮುಚ್ಚಳದ ಡಬ್ಬಿ ಇದೆಯಲ್ವಾ, ಅದು ಸಾಕು. ಬೀಜ ಬಿತ್ತುವ ಹಗುರ ಮಣ್ಣು ತುಂಬಿ, ಒದ್ದೆ ಮಾಡಿ, ಬೀಜವನ್ನು ಮೇಲೆ ಉದುರಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ. ಮಣ್ಣು ಮುಚ್ಚಬೇಡಿ. ಡಬ್ಬಿಯನ್ನು ಕವರಿನಲ್ಲಿಟ್ಟು ಎರಡು ಮೂರು ವಾರ ಫ್ರಿಜ್‌ನಲ್ಲಿಡಿ, ದೋಸೆ ಹಿಟ್ಟಿನ ಪಕ್ಕದಲ್ಲೇ. ಫ್ರೀಜರ್‌ನಲ್ಲಿ ಬೇಡ. ಮಾರ್ಚ್ ಮಧ್ಯದಲ್ಲಿ ಹೊರಗೆ ತೆಗೆದು ಬೆಳಕಿರುವ ಕಡೆ, 18ರಿಂದ 21 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಮೊಳಕೆ ಎಲ್ಲಾ ಒಟ್ಟಿಗೆ ಬರುವುದಿಲ್ಲ. ಕೆಲವು ಎರಡು ವಾರಕ್ಕೆ, ಕೆಲವು ನಾಲ್ಕು ವಾರಕ್ಕೆ. ಆತುರಪಟ್ಟು ಎಸೆಯಬೇಡಿ. ಮಣ್ಣಿನ ಮೇಲ್ಭಾಗ ಒಣಗದ ಹಾಗೆ ನೀರು ಚಿಮುಕಿಸುತ್ತಿರಿ.

ಸಸಿ ನಾಲ್ಕು ಇಂಚು ಆದಾಗ ಕುಡಿ ಚಿವುಟಿ. ಮನಸ್ಸು ಬರುವುದಿಲ್ಲ, ಗೊತ್ತು. ಚಿವುಟಿದರೇ ಕವಲು ಜಾಸ್ತಿ, ಕವಲಿಗೊಂದು ಗೊಂಚಲು. ಮೇ ತಿಂಗಳಲ್ಲಿ ಒಂದೆರಡು ದಿನ ಬಿಸಿಲು ಬಂತೆಂದು ನಂಬಿ ನೆಟ್ಟುಬಿಡಬೇಡಿ, ರಾತ್ರಿ ಫ್ರಾಸ್ಟ್, ಅಂದರೆ ಎಳೆ ಗಿಡ ಸಾಯಿಸುವ ಹೆಪ್ಪುಗಟ್ಟಿದ ಇಬ್ಬನಿ, ಬೀಳಬಹುದು. ಒಂದು ವಾರ ಹಗಲಲ್ಲಿ ಹೊರಗಿಟ್ಟು, ಸಂಜೆ ಒಳಗೆ ತಂದು ಗಾಳಿಗೆ ಒಗ್ಗಿಸಿ. ಮೆಮೋರಿಯಲ್ ಡೇ (ಮೇ ಕೊನೆಯ ಸೋಮವಾರದ ರಜೆ) ಹೊತ್ತಿಗೆ ಒಂದೂವರೆ ಅಡಿ ಅಂತರದಲ್ಲಿ ನೆಡಿ. ಪೂರ್ತಿ ಬಿಸಿಲು, ನೀರು ನಿಲ್ಲದ ಜಾಗ, ಅಷ್ಟೇ. ಬೇರು ಹಿಡಿದ ಮೇಲೆ ದಿನಾ ನೀರು ಬೇಡ. ಗಾಳಿಯಾಡದೆ ಇಕ್ಕಟ್ಟಾದರೆ ಎಲೆಗೆ ಬೂದಿ ರೋಗ ಬರುತ್ತದೆ. ಅಪಾರ್ಟ್‌ಮೆಂಟಿನವರಿಗೆ ದೊಡ್ಡ ಕುಂಡವೂ ಆಗುತ್ತದೆ.

ಜುಲೈಯಿಂದ ಫ್ರಾಸ್ಟ್ ಬೀಳುವವರೆಗೆ ಹೂವು. ಆಗಸ್ಟ್ ಕೊನೆಗೆ ಮೆಕ್ಸಿಕೋ ಕಡೆ ಹೊರಡುವ ಮೊನಾರ್ಕ್ ಚಿಟ್ಟೆಗಳು ಇದರ ಮೇಲೆ ಕೂತು ಮಕರಂದ ಹೀರುವುದನ್ನು ನೋಡಬೇಕು. ಬಳುಕುವ ಕಡ್ಡಿ, ಅದರ ತುದಿಯಲ್ಲಿ ಕಿತ್ತಳೆ ರೆಕ್ಕೆ. ಮಕ್ಕಳು ಕಿಟಕಿ ಬಿಟ್ಟು ಕದಲುವುದಿಲ್ಲ.

ಬಂಡೀಪುರದ ಕಾಡನ್ನು ಆವರಿಸಿರುವ ಲಂಟಾನ ಕೂಡ ಇದೇ ಕುಟುಂಬದ್ದು. ಹಾಗಾದರೆ ಇದೂ ಹಬ್ಬುತ್ತದಾ ಅಂತ ಕೇಳುವುದು ಸರಿಯಾದ ಪ್ರಶ್ನೆ. ಅಮೆರಿಕದ ದಕ್ಷಿಣದ ಬೆಚ್ಚಗಿನ ರಾಜ್ಯಗಳಲ್ಲಿ ತೋಟ ದಾಟಿ ರಸ್ತೆ ಬದಿಗೂ ಹೋಗಿದೆ, ಅಲ್ಲಿರುವವರು ಯೋಚಿಸಿ ಹಾಕಬೇಕು. ನಮ್ಮಲ್ಲಿ ಚಳಿಗೆ ಬೇರು ಸಾಯುತ್ತದೆ. ಉದುರಿದ ಬೀಜ ಮಾತ್ರ ಹಿಮದಡಿ ಉಳಿದು, ಮರುವರ್ಷ ಕೆಲವು ತಾನಾಗಿ ಮೊಳೆಯಬಹುದು.

ಅದಕ್ಕೇ ಅಕ್ಟೋಬರಿನಲ್ಲಿ ಒಣ ಕಾಂಡ ಕತ್ತರಿಸಬೇಡಿ, ಗೋಲ್ಡ್‌ಫಿಂಚ್ ಹಕ್ಕಿಗೂ ಬೀಜ ಸಿಗಲಿ. ಜೂನಿನಲ್ಲಿ ಕಳೆ ಕೀಳುವಾಗ ಒಂದು ನಿಮಿಷ ನಿಲ್ಲಿ. ಅಂಚು ಗರಗಸದಂಥ ಉದ್ದನೆಯ ಒರಟು ಎಲೆ ಕಂಡರೆ ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿ. ತುಳಸಿ ಕಾಂಡದ ಹಾಗೆ ನಾಲ್ಕು ಮೂಲೆ ಕೈಗೆ ತಗುಲಿದರೆ ಕೀಳಬೇಡಿ.