ಹಳೇ ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸಬೇಕಾ ಬೇಡ್ವಾ: ನಾನು ತೀರ್ಮಾನಿಸಿದ್ದು ಹೀಗೆ

ಲ್ಯಾಪ್‌ಟಾಪ್ ನಿಧಾನ ಆಗಿದೆ ಅಂತ ಯಾರ ಹತ್ತಿರ ಹೇಳಿದರೂ ಸಿಗುವ ಉತ್ತರ ಎರಡೇ. ಒಂದು, "ರ‍್ಯಾಮ್ ಹಾಕಿಸಿ". ಇನ್ನೊಂದು, "ಹೊಸತು ತಗೊಳ್ಳಿ ಮಾರಾಯ್ರೆ". ಹೇಳುವವರು ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಂತ ನಡೀತಾ ಇದೆ ಅಂತ ಒಮ್ಮೆಯೂ ನೋಡಿರುವುದಿಲ್ಲ. ರ‍್ಯಾಮ್ ಅಂದರೆ ತೆರೆದಿಟ್ಟ ಕೆಲಸವೆಲ್ಲ ಕೂರುವ ತಾತ್ಕಾಲಿಕ ಮೆಮೊರಿ.

ನಾನು ಉಡುಪಿಯಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ ಮಾಡುವವನು. ಮದುವೆ ಕಾಗದ, ಬಯಲಾಟದ ಹ್ಯಾಂಡ್‌ಬಿಲ್, ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ, ಇಂಥವೇ. ದೀಪಾವಳಿ ಕಳೆದ ಮೇಲೆ ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬಯಲಾಟ, ಉತ್ಸವಗಳ ಸೀಸನ್ ಮುಗಿಯುವ ದಿನ) ಬರುವ ತನಕ ಪುರುಸೊತ್ತು ಅಂತ ಇರುವುದಿಲ್ಲ. ನನ್ನ ಲ್ಯಾಪ್‌ಟಾಪ್ 2017ರದ್ದು. ಒಳಗೆ ಇಂಟೆಲ್‌ನ 7ನೇ ತಲೆಮಾರಿನ ಐ5, ಅಂದರೆ 7200ಯು ಪ್ರೊಸೆಸರ್, ಎರಡೇ ಕೋರ್. ರ‍್ಯಾಮ್ ಒಟ್ಟು 8 ಜಿಬಿ. ಹಾರ್ಡ್ ಡಿಸ್ಕ್ ತೆಗೆಸಿ, ಅದಕ್ಕಿಂತ ಎಷ್ಟೋ ಫಾಸ್ಟ್ ಇರುವ ಎಸ್‌ಎಸ್‌ಡಿ ಹಾಕಿಸಿ ಕೆಲವು ವರ್ಷ ಆಯಿತು. ಹಾಗಾಗಿ ಅದನ್ನು ಇನ್ನು ಫಾಸ್ಟ್ ಮಾಡಲು ಉಳಿದದ್ದು ರ‍್ಯಾಮ್ ಒಂದೇ.

ಎಸ್‌ಎಸ್‌ಡಿ ಇಲ್ಲದವರು ಇಲ್ಲಿಗೇ ನಿಲ್ಲಬಹುದು. ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪಿಗೆ ಮೊದಲು ಎಸ್‌ಎಸ್‌ಡಿ ಹಾಕಿ, ರ‍್ಯಾಮ್ ಮಾತು ಆಮೇಲೆ. ನನ್ನ ಅತ್ತಿಗೆ ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಅವರ 4 ಜಿಬಿಯ ಲ್ಯಾಪ್‌ಟಾಪಿಗೆ ಅದೊಂದನ್ನೇ ಹಾಕಿಸಿದ್ದು. ಇವತ್ತಿಗೂ ದೂರಿಲ್ಲ.

ನನ್ನ ತಲೆಬಿಸಿ ಬೇರೆ ತರಹದ್ದು. ಬೆಳಿಗ್ಗೆ ಆನ್ ಮಾಡಿದಾಗ ಎಲ್ಲ ಚೆನ್ನಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಪುಟ ಕಟ್ಟುವ ಇನ್‌ಡಿಸೈನ್‌ನಿಂದ ಫೋಟೋಶಾಪಿಗೆ ಹೋದರೆ ಎರಡು ಮೂರು ಸೆಕೆಂಡ್ ಪರದೆ ಹಾಗೇ ನಿಂತುಬಿಡುತ್ತದೆ, ಅಲ್ಲಿಂದ ವಾಟ್ಸ್ಆ್ಯಪ್ ವೆಬ್‌ಗೆ ಬಂದರೆ ಮತ್ತೆ ಅದೇ ಕಥೆ. ಅಷ್ಟರಲ್ಲಿ ಆ ಕಡೆಯಿಂದ ಸಮಿತಿಯವರ ಫೋನ್, "ಎಂತ ಭಟ್ರೆ, ಖಜಾಂಚಿಯವರ ಹೆಸರು ಬಿಟ್ಟುಹೋಗಿದೆ ಅಲ್ವಾ?" ಅಂತ.

ಅದು ನಿಜವಾಗಿ ರ‍್ಯಾಮ್ ಸಾಲದೆ ಆಗುತ್ತಿದೆಯಾ ಅಂತ ನೋಡುವುದು ಕಷ್ಟ ಇಲ್ಲ. ಆದರೆ ಲ್ಯಾಪ್‌ಟಾಪ್ ಖಾಲಿ ಕೂತಿದ್ದಾಗ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೆಲಸ ಮೈಮೇಲೆ ಬಂದಿದ್ದಾಗಲೇ ನೋಡಬೇಕು. ಒಂದು ಬ್ರಹ್ಮಕಲಶದ ಪತ್ರಿಕೆ ನಡೆಯುತ್ತಿತ್ತು, ಗರ್ಭಗುಡಿಯ ಫೋಟೋ, ತಂತ್ರಿಗಳ ಫೋಟೋ, ಸಮಿತಿಯ ಅಷ್ಟೂ ಜನರ ಫೋಟೋ. ಎಲ್ಲ ತೆರೆದಿಟ್ಟುಕೊಂಡೇ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಪುಟಕ್ಕೆ ಹೋದೆ.

ಅಲ್ಲಿ ಹೆಚ್ಚಿನವರು ನೋಡುವುದು ಶೇಕಡಾ ಎಷ್ಟು ತುಂಬಿದೆ ಅಂತ. 85 ಅಂತ ಕಂಡ ಕೂಡಲೇ ಗಾಬರಿ. ಅದೊಂದರಿಂದ ಏನೂ ಹೇಳಲು ಬರುವುದಿಲ್ಲ. ರ‍್ಯಾಮ್ ಸುಮ್ನೆ ಖಾಲಿ ಇದ್ದರೆ ಯಾರಿಗೂ ಲಾಭ ಇಲ್ಲ, ಹಾಗಾಗಿ ಇರುವ ಜಾಗದಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟನ್ನು ವಿಂಡೋಸ್ ಬಳಸಿಕೊಳ್ಳುತ್ತದೆ. ನೋಡಬೇಕಾದ್ದು ಅದರ ಕೆಳಗೆ ಇರುವ "ಕಮಿಟೆಡ್" ಅನ್ನುವ ಸಾಲು. ಅಲ್ಲಿ ಎರಡು ಅಂಕಿ ಇರುತ್ತದೆ, ನಡುವೆ ಒಂದು ಅಡ್ಡಗೆರೆ. ಎಡದ್ದು ತೆರೆದಿರುವ ಪ್ರೋಗ್ರಾಂಗಳೆಲ್ಲ ಸೇರಿ ಕೇಳಿಟ್ಟುಕೊಂಡ ಮೆಮೊರಿ. ಬಲದ್ದು ರ‍್ಯಾಮ್ ಮತ್ತು ಡಿಸ್ಕಿನಲ್ಲಿರುವ ಪೇಜ್ ಫೈಲ್ (ರ‍್ಯಾಮ್ ಸಾಲದಾಗ ಬಳಸಲು ಇಟ್ಟ ಜಾಗ) ಸೇರಿಸಿ ವಿಂಡೋಸ್ ಕೊಡಬಲ್ಲಷ್ಟು. ನನಗೆ ಎಡದಲ್ಲಿ 12 ಜಿಬಿಯ ಆಚೆ ಈಚೆ ತೋರಿಸುತ್ತಿತ್ತು. ಇರುವ ರ‍್ಯಾಮ್ 8. ಕೇಳಿಟ್ಟುಕೊಂಡದ್ದನ್ನೆಲ್ಲ ಪ್ರೋಗ್ರಾಂಗಳು ಒಂದೇ ಸಲ ಬಳಸುವುದಿಲ್ಲ, ಆದರೂ ಇಷ್ಟು ಅಂತರ ಇದ್ದರೆ ಒಂದಷ್ಟು ಡಿಸ್ಕಿಗೆ ಹೋಗಿ ಬಂದು ಮಾಡುತ್ತಿರಬೇಕು.

ಅದನ್ನು ಖಚಿತ ಮಾಡಿಕೊಳ್ಳಲು ರಿಸೋರ್ಸ್ ಮಾನಿಟರ್ ಉಂಟು. ಅದರ ಮೆಮೊರಿ ಟ್ಯಾಬಿನಲ್ಲಿ "ಹಾರ್ಡ್ ಫಾಲ್ಟ್ಸ್" ಅನ್ನುವ ಒಂದು ಕಾಲಂ. ಹೆಸರು ಹಾಗಿದ್ದರೂ ಅದು ಹಾಳಾದ ಲೆಕ್ಕ ಅಲ್ಲ, ಬೇಕಾದ್ದು ರ‍್ಯಾಮಿನಲ್ಲಿ ಸಿಗದೆ ಡಿಸ್ಕಿನಿಂದ ತರಬೇಕಾಗಿ ಬಂದ ಲೆಕ್ಕ. ಹೊಸದಾಗಿ ಪ್ರೋಗ್ರಾಂ ತೆರೆದಾಗ ಅದು ಏರುವುದು ಸಹಜ. ಆದರೆ ನನಗೆ ಆಗಲೇ ತೆರೆದಿದ್ದ ಫೋಟೋಶಾಪಿಗೆ ಹೋದಾಗಲೆಲ್ಲ ಗ್ರಾಫ್ ಸರ್ರನೆ ಮೇಲಕ್ಕೆ ಹೋಗುತ್ತಿತ್ತು. ಪರದೆ ನಿಲ್ಲುವುದೂ ಸರಿಯಾಗಿ ಆಗಲೇ. ಅಲ್ಲಿಗೆ ನನಗೆ ಸಂಶಯ ಉಳಿಯಲಿಲ್ಲ. ಹಾರ್ಡ್ ಡಿಸ್ಕ್ ಇದ್ದಿದ್ದರೆ ಇಡೀ ಲ್ಯಾಪ್‌ಟಾಪೇ ಹ್ಯಾಂಗ್ ಆಗಿರುತ್ತಿತ್ತು, ಎಸ್‌ಎಸ್‌ಡಿ ಇರುವುದರಿಂದ ಎರಡು ಮೂರು ಸೆಕೆಂಡಿಗೆ ಮುಗಿಯುತ್ತಿದೆ, ಅಷ್ಟೇ.

ಇಷ್ಟಾದ ಮೇಲೂ ಕೂಡಲೇ ಅಂಗಡಿಗೆ ಓಡಲಿಲ್ಲ. ಮೆಮೊರಿ ತಿನ್ನುತ್ತಿರುವುದು ಯಾರು ಅಂತ ಒಮ್ಮೆ ನೋಡಬೇಕಲ್ಲ. ಮೊದಲಿನ ಜಾಗ ಕ್ರೋಮ್‌ನದ್ದು, ಅದರಲ್ಲಿ ಅನುಮಾನ ಇರಲಿಲ್ಲ. ಕ್ರೋಮ್ ಒಳಗೇ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಅದರದ್ದೇ ಒಂದು ಟಾಸ್ಕ್ ಮ್ಯಾನೇಜರ್ ಬರುತ್ತದೆ, ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಅಂತ ಕಾಣುತ್ತದೆ. ನೋಡದೆ ಬಿಟ್ಟ ಟ್ಯಾಬಿನ ಮೆಮೊರಿ ಬಿಡಿಸುವ ಮೆಮೊರಿ ಸೇವರ್ ಆನ್ ಮಾಡಿದೆ, ಬೇಡದ ಎಕ್ಸ್‌ಟೆನ್ಶನ್ ತೆಗೆದೆ, ಆನ್ ಆಗುವಾಗಲೇ ಬಂದು ಕೂರುವ ಒಂದೆರಡು ಪ್ರೋಗ್ರಾಂ ನಿಲ್ಲಿಸಿದೆ. ಒಂದು ಒಂದೂವರೆ ಜಿಬಿ ಉಳಿಯಿತು. ಸ್ವಲ್ಪ ಹಗುರ ಆಯಿತು, ಆದರೆ ನನ್ನ ಕೆಲಸಕ್ಕೆ ಅದು ಸಾಲಲಿಲ್ಲ. ಬರೀ ಬ್ರೌಸರ್ ಮತ್ತು ವರ್ಡ್ ಬಳಸುವವರಿಗೆ ಇಷ್ಟರಲ್ಲೇ ಮುಗಿದೂ ಹೋಗಬಹುದು, ಒಂದು ರೂಪಾಯಿ ಖರ್ಚಿಲ್ಲದೆ.

ನಮ್ಮ ಕಸುಬಿನವರಿಗೆ ಇಲ್ಲಿ ಒಂದು ಮಾತು. ಇವತ್ತಿಗೂ ಕನ್ನಡ ಟೈಪ್ ಮಾಡುವ ನುಡಿ ಮತ್ತು ಪೇಜ್‌ಮೇಕರ್‌ನಲ್ಲೇ ಪುಟ ಕಟ್ಟುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದು 32 ಬಿಟ್ಟಿನ ಕಾಲದ ಪ್ರೋಗ್ರಾಂ. ಅಂಥದ್ದಕ್ಕೆ ವಿಂಡೋಸ್ ಸಾಮಾನ್ಯವಾಗಿ ಕೊಡುವುದೇ 2 ಜಿಬಿ ಜಾಗ. ನೀವು 32 ಜಿಬಿ ಹಾಕಿದರೂ ಪೇಜ್‌ಮೇಕರ್‌ಗೆ ಅದು ಕಾಣುವುದೇ ಇಲ್ಲ. ಪೇಜ್‌ಮೇಕರ್ ನಿಧಾನ ಅಂತ ರ‍್ಯಾಮ್ ಹಾಕಿಸುವುದು ದಂಡ.

ಇನ್ನು ಹಾಕಲು ಜಾಗ ಉಂಟಾ ಅನ್ನುವ ಪ್ರಶ್ನೆ. ಈಗಿನ ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ. ಸ್ಲಾಟ್ ಇಲ್ಲದಿದ್ದರೆ ಮುಗಿಯಿತು, ಯೋಚನೆ ಮಾಡಲಿಕ್ಕೇ ಇಲ್ಲ. ನನ್ನದರಲ್ಲಿ ಅರ್ಧಂಬರ್ಧ. 4 ಜಿಬಿ ಬೆಸುಗೆ ಹಾಕಿದ್ದು, ಇನ್ನೊಂದು 4 ಜಿಬಿ ಸ್ಲಾಟಿನಲ್ಲಿ. ಸಿಪಿಯು-ಝಡ್ ಅನ್ನುವ ಉಚಿತ ಪ್ರೋಗ್ರಾಂ ಹಾಕಿಕೊಂಡರೆ ಯಾವ ಸ್ಲಾಟಿನಲ್ಲಿ ಎಂತ ಇದೆ ಅಂತ ತೋರಿಸುತ್ತದೆ. ಡಿಡಿಆರ್‌3 ಮತ್ತು ಡಿಡಿಆರ್‌4 ಅಂತ ರ‍್ಯಾಮಿನ ಎರಡು ತಲೆಮಾರು, ಅದಲುಬದಲು ಆಗುವುದಿಲ್ಲ. ರ‍್ಯಾಮ್ ಪಟ್ಟಿಯ, ಅಂದರೆ ಸ್ಟಿಕ್ಕಿನ, ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಪಿನ್ನಿನ ಲೆಕ್ಕವೂ ಬೇರೆ, ಲ್ಯಾಪ್‌ಟಾಪಿನ ಡಿಡಿಆರ್‌3ಗೆ 204, ಡಿಡಿಆರ್‌4ಗೆ 260. ನನಗೆ ಬೇಕಾದ್ದು ಡಿಡಿಆರ್‌4. ಅಂಗಡಿಯಲ್ಲಿ 3200 ಸ್ಪೀಡಿನದ್ದು ಒಳ್ಳೆಯದು ಅಂತ ತೋರಿಸುತ್ತಾರೆ. ಈ ಪ್ರೊಸೆಸರ್ ಓಡಿಸುವುದು 2133ರಲ್ಲಿ ಮಾತ್ರ. ಆ ಸ್ಪೀಡಿಗೆ ಜಾಸ್ತಿ ಹಣ ಕೊಟ್ಟರೆ ಅದು ಅಂಗಡಿಯವರಿಗೆ ಲಾಭ, ನಮಗಲ್ಲ.

ನಿಜವಾಗಿ ತಲೆ ಕೆಡಿಸಿದ್ದು ಬೆಲೆ. ಒಂದು ಕಾಲದಲ್ಲಿ 8 ಜಿಬಿ ಸ್ಟಿಕ್ಕಿಗೆ ಒಂದೂವರೆ ಎರಡು ಸಾವಿರ ಕೊಟ್ಟರೆ ಆಗುತ್ತಿತ್ತು, ಇಷ್ಟೆಲ್ಲ ಯೋಚನೆಯೇ ಬೇಕಿರಲಿಲ್ಲ. 2025ರ ಕೊನೆಗೆ ಎಲ್ಲ ತಲೆಕೆಳಗಾಯಿತು. ಎಐ ಡೇಟಾ ಸೆಂಟರುಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಜಾಸ್ತಿ ಅಂತ ಚಿಪ್ ಮಾಡುವ ಕಂಪನಿಗಳೆಲ್ಲ ಆ ಕಡೆ ತಿರುಗಿದವು. ಹಳೇ ಡಿಡಿಆರ್‌4 ಮಾಡುವುದನ್ನು ಕಡಿಮೆ ಮಾಡುತ್ತಾ ಬಂದವು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್‌ನವರು ಕ್ರೂಷಿಯಲ್ ಹೆಸರಿನಲ್ಲಿ ಜನರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಅಂದರು. ಅಂಗಡಿಯಲ್ಲಿ ಹೊಸ ಸ್ಟಿಕ್ಕಿಗೆ ಹೇಳಿದ ರೇಟ್ ಕೇಳಿ ನಾನು ಬಂದ ದಾರಿಗೆ ಸುಂಕ ಇಲ್ಲ ಅಂತ ಹೊರಟಿದ್ದೆ.

ಯಾಕೆಂದರೆ ಈ ಲ್ಯಾಪ್‌ಟಾಪಿನ ಆಯುಷ್ಯವೂ ಲೆಕ್ಕಕ್ಕೆ ಬರಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದರೆ ಸೆಕ್ಯೂರಿಟಿ ಅಪ್‌ಡೇಟ್ ಇನ್ನೊಂದು ವರ್ಷ ಬರುತ್ತದೆ. ವಿಂಡೋಸ್ 11 ಕೇಳುವುದು ಇಂಟೆಲ್ ಪ್ರೊಸೆಸರಾದರೆ 8ನೇ ತಲೆಮಾರಿನಿಂದ ಮೇಲೆ, ನನ್ನದು ಒಂದೇ ಮೆಟ್ಟಿಲು ಕೆಳಗೆ. ಲಿನಕ್ಸ್ ಹಾಕಿ ಅಂತ ಅಕ್ಕನ ಮಗ ಹೇಳುತ್ತಾನೆ, ಬ್ರೌಸರ್ ಸಾಕು ಅನ್ನುವವರಿಗೆ ಅದು ಒಳ್ಳೇ ದಾರಿ. ನನಗೆ ಇನ್‌ಡಿಸೈನ್ ಬೇಕು, ಅದು ಲಿನಕ್ಸಿಗೆ ಬರುವುದಿಲ್ಲ. ಮತ್ತೆ, ಇವತ್ತು ತೆಗೆದುಕೊಂಡ ಡಿಡಿಆರ್‌4 ಸ್ಟಿಕ್ಕನ್ನು ನಾಳೆಯ ಹೊಸ ಲ್ಯಾಪ್‌ಟಾಪಿಗೆ ಹಾಕಲಿಕ್ಕೂ ಆಗುವುದಿಲ್ಲ, ಹೊಸದರಲ್ಲೆಲ್ಲ ಹೆಚ್ಚಾಗಿ ಡಿಡಿಆರ್‌5, ಇಲ್ಲವೇ ಬೆಸುಗೆ. ಹಾಗಾಗಿ ಒಂದು ಸೀಸನ್ ಸುಧಾರಿಸಲು ಎಷ್ಟು ಬೇಕೋ ಅಷ್ಟೇ ಹಣ ಹಾಕುವುದು ಅಂತ ಗಟ್ಟಿ ಮಾಡಿಕೊಂಡೆ. 16 ಜಿಬಿ ಸ್ಟಿಕ್ಕಿನ ಆಸೆ ಅಲ್ಲಿಗೇ ಬಿಟ್ಟೆ. ಕೆಲಸಕ್ಕೆ 12 ಬೇಕು ಅಂತ ಅಂಕಿಯೇ ಹೇಳಿದೆ, ಬೆಸುಗೆಯ 4ರ ಜೊತೆ ಸ್ಲಾಟಿನಲ್ಲಿ 8 ಕೂತರೆ ಸರಿ 12.

ದಾರಿ ಸಿಕ್ಕಿದ್ದು ಮಣಿಪಾಲದಲ್ಲಿ. ಅಲ್ಲಿ ಹುಡುಗರು ಗೇಮಿಂಗ್ ಲ್ಯಾಪ್‌ಟಾಪ್ ತಂದು, ಅದರಲ್ಲಿ ಬಂದ 8 ಜಿಬಿ ಬಿಚ್ಚಿಸಿ ದೊಡ್ಡದು ಹಾಕಿಸುತ್ತಾರೆ. ಬಿಚ್ಚಿದ್ದು ರಿಪೇರಿ ಅಂಗಡಿಯ ಡ್ರಾಯರ್‌ನಲ್ಲಿ ಇರುತ್ತದೆ. ರ‍್ಯಾಮಿನಲ್ಲಿ ಸವೆಯುವ ಭಾಗ ಇಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಲು ನನಗೆ ಇದರಷ್ಟು ಧೈರ್ಯ ಬರುವ ಸಾಮಾನು ಬೇರೆ ಇಲ್ಲ. ಬ್ಯಾಟರಿಯಾದರೆ ಸೆಕೆಂಡ್ ಹ್ಯಾಂಡ್ ಮುಟ್ಟಲಿಕ್ಕಿಲ್ಲ. ಹೊಸದರ ಅರ್ಧಕ್ಕಿಂತ ಕಡಿಮೆಗೆ ಮಾತು ಆಯಿತು. ಒಂದೇ ಷರತ್ತು, ನನ್ನ ಲ್ಯಾಪ್‌ಟಾಪಿಗೆ ಹಾಕಿ ಓಡಿಸಿ ನೋಡಿದ ಮೇಲೆ ಹಣ. ಹಳೇ ಬೋರ್ಡಿಗೆ ಕೆಲವು ಸ್ಟಿಕ್ ಹೊಂದುವುದಿಲ್ಲ, ಅದು ಹಾಕಿಯೇ ಗೊತ್ತಾಗಬೇಕು.

ಅಂಗಡಿಯ ಹುಡುಗ ಮೊದಲು ಚಾರ್ಜರ್ ತೆಗೆದ, ಹಿಂದಿನ ಮುಚ್ಚಳ ಬಿಚ್ಚಿ ಬ್ಯಾಟರಿಯ ಕನೆಕ್ಟರ್ ಎಳೆದ. ಆಮೇಲೆ ಟೇಬಲ್ಲಿನ ಕಬ್ಬಿಣದ ಕಾಲನ್ನು ಒಮ್ಮೆ ಮುಟ್ಟಿದ, ಮೈಯಲ್ಲಿ ಸ್ಟ್ಯಾಟಿಕ್ ಇದ್ದರೆ ಹೋಗಲಿ ಅಂತ. ನಮ್ಮ ಕರಾವಳಿಯ ಸೆಖೆಗೆ ಸ್ಟ್ಯಾಟಿಕ್ ಕಡಿಮೆಯೇ, ಗಾಳಿಯಲ್ಲಿ ನೀರಿನ ಪಸೆ ಇರುವುದರಿಂದ ಆಗುವ ಉಪಕಾರ ಇದೊಂದು. ಆದರೆ ಅದೇ ಪಸೆಗೆ ಪಿನ್ನುಗಳು ಮಂಕಾಗುತ್ತವೆ. ಹಳೇ ಸ್ಟಿಕ್ಕಿನ ಎರಡೂ ಬದಿಯ ಕ್ಲಿಪ್ ಉಗುರಲ್ಲಿ ಹೊರಗೆ ಸರಿಸಿದ ಕೂಡಲೇ ಅದು ತಾನಾಗಿ ಓರೆಯಾಗಿ ಮೇಲೆದ್ದು ಬಂತು. ಚಿನ್ನದ ಬಣ್ಣದ ಅಂಚಿನಲ್ಲಿ ಕಪ್ಪು ಕಲೆ. ಹೊಸದಾಗಿ ಹಾಕುವ ಸ್ಟಿಕ್ಕಿನ ಅಂಚನ್ನು ಆತ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್‌ನಲ್ಲಿ ತೆಗೆದು, ಓರೆಯಾಗಿ ತೂರಿಸಿ ಕೆಳಗೆ ಒತ್ತಿದ. ಟಕ್ ಅಂತ ಎರಡೂ ಕಡೆ ಕೂತಿತು. ಆ ಸದ್ದು ಬರದಿದ್ದರೆ ಸರಿಯಾಗಿ ಕೂತಿಲ್ಲ ಅಂತ.

ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗೇ ಇತ್ತು. ಹೊಸ ಮೆಮೊರಿ ಕಂಡಾಗ ಕೆಲವು ಬೋರ್ಡುಗಳು ಹಾಗೆ ಮಾಡುತ್ತವೆ, ಗಾಬರಿ ಬೇಡ. ಆಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಅನ್ನುವ ಪ್ರೋಗ್ರಾಂ ಪೆನ್‌ಡ್ರೈವ್‌ನಿಂದ ಒಂದು ಸುತ್ತು ಪೂರ್ತಿ ಓಡಿಸಿದೆವು. ಅದಕ್ಕೆ ತುಂಬ ಹೊತ್ತು ಹಿಡಿಯುತ್ತದೆ, ನಾನು ಊಟ ಮಾಡಿ ಬಂದೆ. ಎರರ್ ಒಂದೂ ಇರಲಿಲ್ಲ.

ಈಗ ಹೇಗಿದೆ ಅಂದರೆ, ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಹೋಗುವಾಗ ಪರದೆ ನಿಲ್ಲುವುದು ಹೋಯಿತು. ಹಾರ್ಡ್ ಫಾಲ್ಟ್ ಗ್ರಾಫ್ ಹೆಚ್ಚು ಕಡಿಮೆ ನೆಲಕ್ಕೇ ಅಂಟಿಕೊಂಡಿದೆ. ಆದರೆ ಪಿಡಿಎಫ್ ಎಕ್ಸ್‌ಪೋರ್ಟ್ ಮಾಡಲು ಮೊದಲಿನಷ್ಟೇ ಸಮಯ, ಅದು ಪ್ರೊಸೆಸರ್ ಕೆಲಸ, ಎರಡು ಕೋರ್ ಎಷ್ಟು ಅಂತ ಓಡೀತು. ಆನ್ ಆಗುವುದರಲ್ಲೂ ವ್ಯತ್ಯಾಸ ಇಲ್ಲ. ರ‍್ಯಾಮ್ ಹಾಕಿದರೆ ಇಡೀ ಲ್ಯಾಪ್‌ಟಾಪ್ ಹೊಸತಾಗುತ್ತದೆ ಅಂತ ನಂಬಿ ಹಾಕಿಸಿದ್ದರೆ ಬೇಸರ ಆಗುತ್ತಿತ್ತು.

ಬಿಚ್ಚಿದ 4 ಜಿಬಿ ಸ್ಟಿಕ್ಕನ್ನು ಅಂಗಡಿಯವರು ಕೇಳಿದರು, ಕೊಡಲಿಲ್ಲ. ಸೆಕೆಂಡ್ ಹ್ಯಾಂಡ್ ಸ್ಟಿಕ್ ಸೀಸನ್ ನಡುವೆ ಕೈಕೊಟ್ಟರೆ ಅದನ್ನೇ ವಾಪಸ್ ಹಾಕಿಕೊಂಡು ಆ ದಿನದ ಪತ್ರಿಕೆಯನ್ನಾದರೂ ಪ್ರೆಸ್ಸಿಗೆ ಕಳಿಸಬಹುದಲ್ಲ. ಇನ್ನು ಈ ಲ್ಯಾಪ್‌ಟಾಪಿಗೆ ಹಣ ಹಾಕುವುದಿಲ್ಲ. ಬ್ಯಾಟರಿ ಹೋದರೆ ಚಾರ್ಜರ್ ಹಾಕಿಟ್ಟೇ ಕೆಲಸ, ಬೋರ್ಡ್ ಹೋದರೆ ಹೊಸತು.