ಕೀ ಕೊಡಿ, ರಸ್ತೆಯನ್ನು ಕಂತಿನಲ್ಲಿ ಕೊಡಿ

ಮೈದಾನದಲ್ಲಿ ಎಂಟರ, ಎಚ್ ಅಕ್ಷರದ ಆಕಾರದಲ್ಲಿ ಗಾಡಿ ಓಡಿಸಿ ಲೈಸೆನ್ಸ್ ಪರೀಕ್ಷೆ ಪಾಸಾದ ಮಕ್ಕಳಿಗೆ ಗಾಡಿ ತಿರುಗಿಸಲು ಬರುತ್ತದೆ, ಅಷ್ಟೆ. ನಮ್ಮ ಕಾಸರಗೋಡಿನ ಉಪ್ಪಳ ಪೇಟೆಯಲ್ಲಿ ಬಸ್ಸಿನ ಮರೆಯಿಂದ ಯಾರು ಅಡ್ಡ ಬರಬಹುದು ಎಂದು ಊಹಿಸಲು ಮೈದಾನದಲ್ಲಿ ಯಾರೂ ಕಲಿಸುವುದಿಲ್ಲ. ಲೈಸೆನ್ಸ್ ಕೈಗೆ ಬಂದು ಒಬ್ಬರೇ ಓಡಿಸತೊಡಗಿದ ಮೊದಲ ತಿಂಗಳುಗಳೇ ಹೆಚ್ಚು ಅಪಾಯದವು. ಹೊಸ ಚಾಲಕರಿಗೆ ಹಲವು ದೇಶಗಳು ರಾತ್ರಿ ಓಡಾಟಕ್ಕೂ ಜೊತೆಗಾರರ ಸಂಖ್ಯೆಗೂ ಮಿತಿ ಹಾಕಿರುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಆ ಕೆಲಸವನ್ನು ಮನೆಯವರೇ ಮಾಡಬೇಕು.

ಮೊದಲು ವಯಸ್ಸಿನ ಮಾತು. ಗೇರಿನ ಸ್ಕೂಟರಾಗಲಿ ಗೇರಿಲ್ಲದ್ದಾಗಲಿ, ಇಂದು ಮನೆಮನೆಯಲ್ಲಿರುವ ಗಾಡಿಗೆ 18 ತುಂಬಿರಲೇಬೇಕು. 16ಕ್ಕೆ ಸಿಗುವ ಪರವಾನಗಿ 50 ಸಿಸಿ ಮೀರದ, ಗೇರಿಲ್ಲದ ಗಾಡಿಗೆ ಮಾತ್ರ. ‘ಇಲ್ಲೇ ಅಂಗಡಿಗೆ’ ಎಂದು ಹತ್ತನೆಯ ತರಗತಿಯ ಹುಡುಗನಿಗೆ ಕೀ ಕೊಟ್ಟರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಲೈಸೆನ್ಸ್ ಬಂದ ಮೇಲೆ ರಸ್ತೆಯನ್ನು ಕಂತುಕಂತಾಗಿ ಬಿಟ್ಟುಕೊಡಿ. ಮೊದಲ ಕಂತು ಭಾನುವಾರ ಬೆಳಗ್ಗಿನ ಊರ ರಸ್ತೆ. ಆಮೇಲೆ ಚೆರ್ಕಳ–ಕಲ್ಲಡ್ಕದಂಥ ತಿರುವುಗಳ ದಾರಿ, ಅದು ಕೈಗೆ ಹತ್ತಿದ ಮೇಲೆ ಕುಂಬಳೆ ಅಥವಾ ಬದಿಯಡ್ಕ ಪೇಟೆ. ಷಟ್ಪಥ ಹೆದ್ದಾರಿಯನ್ನು ಬೇಗ ಕೊಡಬೇಡಿ. ರಸ್ತೆ ನೇರ, ಅಗಲ. ವೇಗ ಏರಿದ್ದು ಅರಿವಿಗೇ ಬರುವುದಿಲ್ಲ. ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಸೇರುವಾಗ ಕನ್ನಡಿ ನೋಡಿ, ತಲೆ ತಿರುಗಿಸಿಯೂ ನೋಡುವ ಅಭ್ಯಾಸವಾಗುವವರೆಗೆ ಪಕ್ಕದಲ್ಲಿ ಒಬ್ಬರು ಇರಲಿ. ರಾತ್ರಿಯ ಕಂತು ಕೊನೆಯದು.

ಮಳೆಗಾಲವನ್ನು ಮಾತ್ರ ಬೇರೆಯೇ ಕಲಿಸಬೇಕು. ಜೂನಿನ ಮೊದಲ ಮಳೆಗೆ ಟಾರಿನ ಮೇಲಿನ ಎಣ್ಣೆ ನೀರಿನಲ್ಲಿ ತೇಲುತ್ತದೆ. ಗುಡ್ಡ ಕಡಿದ ಕಡೆ ಮುರಕಲ್ಲಿನ ಕೆಂಪು ಕೆಸರು ತಿರುವಿನಲ್ಲೇ ಹರಡಿರುತ್ತದೆ. ಅಲ್ಲಿ ಹೊಸಬರು ಸಾಮಾನ್ಯವಾಗಿ ತಿರುವಿನ ನಡುವೆ ಬ್ರೇಕ್ ಅದುಮುತ್ತಾರೆ, ಮುಂದಿನ ಚಕ್ರ ಜಾರುತ್ತದೆ. ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗಲೇ ವೇಗ ಇಳಿಸುವುದನ್ನು ಸುರಕ್ಷಿತ ಜಾಗದಲ್ಲಿ ಮತ್ತೆ ಮತ್ತೆ ಮಾಡಿಸಿ. ಮುಂದಿನ ವಾಹನದಿಂದ ಒಣ ರಸ್ತೆಯಲ್ಲಿ ಇರಿಸಿಕೊಳ್ಳುವ ಎರಡು ಸೆಕೆಂಡಿನ ಅಂತರ ಮಳೆಯಲ್ಲಿ ನಾಲ್ಕಾಗಬೇಕು.

ಪಕ್ಕದಲ್ಲಿ ಕೂತವರು ಏನು ಮಾಡಬೇಕು? ಹೆಚ್ಚಿನ ಅಪ್ಪಂದಿರು ಕಾಲಿನಡಿ ಇಲ್ಲದ ಬ್ರೇಕ್ ಒತ್ತುತ್ತಾ ‘ನಿಧಾನ, ನಿಧಾನ’ ಎನ್ನುತ್ತಿರುತ್ತಾರೆ. ಅದರಿಂದ ಕಲಿಯುವವರ ಕಿವಿ ಮುಚ್ಚಿಕೊಳ್ಳುತ್ತದೆಯೇ ಹೊರತು ಕಣ್ಣು ತೆರೆಯುವುದಿಲ್ಲ. ಬದಲಿಗೆ ಕಂಡದ್ದನ್ನು ಅವರೇ ಬಾಯಿಬಿಟ್ಟು ಹೇಳುತ್ತಾ ಓಡಿಸಲಿ: ‘ಬಸ್ ನಿಂತಿದೆ, ಮುಂದಿನಿಂದ ಯಾರಾದರೂ ದಾಟಬಹುದು’, ‘ರಿಕ್ಷಾ ಸಿಗ್ನಲ್ ಹಾಕದೆ ತಿರುಗಬಹುದು’. ಹೇಳದೆ ಬಿಟ್ಟದ್ದೇನು ಎಂಬುದನ್ನು ಮನೆಗೆ ಬಂದ ಮೇಲೆ ಮಾತನಾಡಿದರೆ ಸಾಕು.

ವೇಗದ ಬಗ್ಗೆ ಉಪದೇಶ ಬೇಡ, ಲೆಕ್ಕ ಕೊಡಿ. ಗಂಟೆಗೆ 60 ಕಿಲೋಮೀಟರಿನಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎರಡು ಸೆಕೆಂಡು ಮೊಬೈಲ್ ನೋಡಿದರೆ 33 ಮೀಟರ್ ಕಣ್ಣುಮುಚ್ಚಿ ಹೋದಂತೆ. ವೇಗ ದುಪ್ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಅಂಗಳದಲ್ಲಿ 33 ಮೀಟರ್ ಅಳೆದು ತೋರಿಸಿ. ಬಹಳ ಮನೆಗಳ ಅಂಗಳ ಅಷ್ಟು ಉದ್ದವೇ ಇರುವುದಿಲ್ಲ.

ಒಬ್ಬನೇ ಇದ್ದಾಗ ಜಾಣನಾಗಿರುವ ಹುಡುಗ ಹಿಂದೆ ಗೆಳೆಯರು ಕೂತೊಡನೆ ಬೇರೆಯೇ ಆಗುತ್ತಾನೆ. ಹಾಗಾಗಿ ಮೊದಲ ಆರು ತಿಂಗಳು ಮನೆಯವರ ಹೊರತು ಯಾರನ್ನೂ ಕೂರಿಸಬಾರದೆಂಬ ಒಪ್ಪಂದ ಇರಲಿ. ಇದು ಹುಡುಗಿಯರಿಗೂ ಅನ್ವಯ. ಯಕ್ಷಗಾನ ಬಯಲಾಟ, ದೈವಗಳ ಕಳಿಯಾಟ, ಫುಟ್‌ಬಾಲ್ ಪಂದ್ಯ ಮುಗಿದು ಬೆಳಗಿನ ಜಾವ ಸ್ಕೂಟರಿನಲ್ಲಿ ಮೂವರು ಮರಳುವುದು ನಮ್ಮ ಕಡೆಯ ಹಳೆಯ ಚಾಳಿ. ನಿದ್ದೆಗಣ್ಣಿನಲ್ಲಿ ಓಡಿಸುವುದು ಕುಡಿದು ಓಡಿಸುವುದಕ್ಕಿಂತ ಮೇಲಲ್ಲ. ‘ಎಷ್ಟು ಹೊತ್ತಿಗಾದರೂ ಫೋನು ಮಾಡು, ಬಂದು ಕರೆದುಕೊಂಡು ಹೋಗುತ್ತೇನೆ, ಆ ರಾತ್ರಿ ಬೈಯುವುದಿಲ್ಲ’ ಎಂದು ಮಾತು ಕೊಡಿ, ನಡೆಸಿಕೊಳ್ಳಿ. ಒಂದು ಸಲ ಬೈದರೆ ಮರುಸಲ ಫೋನು ಬರುವುದಿಲ್ಲ.

ನಿಮ್ಮ ಕೈಗೆ ನೇತುಹಾಕಿದ ಹೆಲ್ಮೆಟ್, ಸ್ಟಿಯರಿಂಗ್ ಹಿಡಿದು ಎತ್ತಿದ ಫೋನು ಎಲ್ಲವನ್ನೂ ಮಕ್ಕಳು ವರ್ಷಗಳಿಂದ ನೋಡಿದ್ದಾರೆ. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ತಪ್ಪು ಆಗಿಯೇ ಆಗುತ್ತದೆ. ಕೇರಳದಲ್ಲಿ 2023ರಿಂದ ಎಐ ಕ್ಯಾಮೆರಾಗಳು ದಂಡ ಹಾಕುತ್ತಿವೆ, ನೋಟಿಸು ಬರುವುದು ಗಾಡಿಯ ಮಾಲೀಕರಿಗೆ. ಆಗ ಕೀ ಪೂರ್ತಿ ಕಿತ್ತುಕೊಂಡರೆ ಮಕ್ಕಳು ಗೆಳೆಯರ ಗಾಡಿ ಹಿಡಿಯುತ್ತಾರೆ. ಒಂದು ಕಂತು ಮಾತ್ರ ಹಿಂದಕ್ಕೆ ಪಡೆಯಿರಿ: ವೇಗಕ್ಕಾಗಿ ದಂಡ ಬಿದ್ದರೆ ಒಂದು ತಿಂಗಳು ಹೆದ್ದಾರಿ ಇಲ್ಲ, ಮೂವರನ್ನು ಕೂರಿಸಿದ್ದರೆ ಮತ್ತೆ ಒಂಟಿ ಸವಾರಿ. ದಂಡದ ಹಣ ಅವರ ಖರ್ಚಿನ ದುಡ್ಡಿನಿಂದಲೇ ಹೋಗಲಿ.