ಶುಲ್ಕವಿಲ್ಲದ ಬ್ಲಾಕ್‌ಚೈನ್‌ನಲ್ಲಿ ಆಟ: ಒರತೆ ಅಳೆದು ಆಡುವುದು ಹೇಗೆ?

ಪಂದ್ಯಕ್ಕೆ ತಂಡ ಕಟ್ಟಿ ಗುಂಡಿ ಒತ್ತುತ್ತೀರಿ. ಪರದೆಯ ಮೇಲೆ ‘ಸಾಕಷ್ಟು ರಿಸೋರ್ಸ್ ಕ್ರೆಡಿಟ್ ಇಲ್ಲ’ ಎಂಬ ಸಾಲು ಮೂಡುತ್ತದೆ. ಖಾತೆಯಲ್ಲಿ ಟೋಕನ್ (ಜಾಲದ ಡಿಜಿಟಲ್ ನಾಣ್ಯ) ಇದೆ, ಇಂಟರ್‌ನೆಟ್ ಸರಿಯಾಗಿದೆ, ಆಟದ ಸರ್ವರ್ ಓಡುತ್ತಿದೆ. ಆದರೂ ನಡೆ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಲವು ಕಂಪ್ಯೂಟರ್‌ಗಳು ಸೇರಿ ಇಡುವ ಲೆಕ್ಕಪುಸ್ತಕದಲ್ಲಿ, ದಾಖಲಾಗುವುದಿಲ್ಲ, ಗಡುವು ಮುಗಿದು ಪಂದ್ಯ ಎದುರಾಳಿಯ ಪಾಲಾಗುತ್ತದೆ. ಪಂದ್ಯಾವಳಿಯೊಂದರ ನಡುವೆ ನನಗೂ ಹೀಗಾಗಿತ್ತು. ಕೈಯಲ್ಲಿದ್ದ ಟೋಕನ್‌ಗಳನ್ನೆಲ್ಲ ಕಾರ್ಡ್ ಕೊಳ್ಳಲು ಸುರಿದಿದ್ದೆ, ಸ್ಟೇಕ್ ಮಾಡಲು, ಅಂದರೆ ಜಾಲದಲ್ಲಿ ಕಟ್ಟಿ ಇಡಲು, ಏನನ್ನೂ ಉಳಿಸಿಕೊಂಡಿರಲಿಲ್ಲ. ‘ಈ ಬ್ಲಾಕ್‌ಚೈನ್‌ನಲ್ಲಿ ಶುಲ್ಕವಿಲ್ಲ’ ಎಂಬ ಮಾತನ್ನು ಅರ್ಧ ಮಾತ್ರ ಅರ್ಥ ಮಾಡಿಕೊಂಡಿದ್ದೆ. ಉಳಿದ ಅರ್ಧವನ್ನು ನೀವು ಆಟಕ್ಕಿಳಿಯುವ ಮೊದಲೇ ತಿಳಿದುಕೊಳ್ಳಲಿ ಎಂಬುದು ಈ ಲೇಖನದ ಆಸೆ.

ಮೊದಲು ಬಾವಿಯನ್ನು ಅರ್ಥ ಮಾಡಿಕೊಳ್ಳಿ

ಇಥೀರಿಯಂನಂಥ ಜಾಲದಲ್ಲಿ ಪ್ರತಿ ವಹಿವಾಟಿಗೂ ಗ್ಯಾಸ್ ಶುಲ್ಕ ಕಟ್ಟಬೇಕು. ವಹಿವಾಟು ನಡುವೆ ವಿಫಲವಾದರೂ ಅದುವರೆಗೆ ಖರ್ಚಾದ ಗ್ಯಾಸ್ ಮರಳುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಕ್ರಿಪ್ಟೋಕಿಟ್ಟೀಸ್ ಎಂಬ ಬೆಕ್ಕಿನ ಮರಿಗಳ ಆಟಕ್ಕೆ ಜನ ಮುಗಿಬಿದ್ದಾಗ ಇಡೀ ಇಥೀರಿಯಂ ಜಾಲವೇ ಏದುಸಿರು ಬಿಟ್ಟಿತು, ಆಟದ ಗೊಡವೆಯೇ ಇಲ್ಲದವರ ವಹಿವಾಟುಗಳೂ ಸಾಲಿನಲ್ಲಿ ನಿಂತವು. ಒಂದೊಂದು ನಡೆಗೂ ಹಣ ಎಣಿಸುವ ಕಡೆ ಚುರುಕಾದ ಆಟ ನಡೆಸುವುದು ಕಷ್ಟ.

ಸ್ಟೇಕ್‌ಗೆ ಬದಲಾಗಿ ಕ್ರೆಡಿಟ್ ಕೊಡುವ ಜಾಲಗಳು ಬೇರೆ ದಾರಿ ಹಿಡಿದಿವೆ. ಟೋಕನ್‌ಗಳನ್ನು ಒಂದು ಅವಧಿಗೆ ಕಟ್ಟಿ ಇಟ್ಟರೆ, ಅದರ ಪ್ರಮಾಣಕ್ಕೆ ತಕ್ಕಷ್ಟು ವಹಿವಾಟು ಮಾಡುವ ಹಕ್ಕು ಸಿಗುತ್ತದೆ. ಅದೇ ಕ್ರೆಡಿಟ್. ಬಳಸಿದಂತೆ ಕ್ರೆಡಿಟ್ ಇಳಿಯುತ್ತದೆ, ಬಳಸದೆ ಬಿಟ್ಟರೆ ತಾನಾಗಿ ತುಂಬಿಕೊಳ್ಳುತ್ತದೆ. ಬಾವಿಯೊಂದನ್ನು ನೆನೆಯಿರಿ. ನೀವು ಸ್ಟೇಕ್ ಮಾಡಿದ ಟೋಕನ್ ಬಾವಿಯ ಗಾತ್ರ, ಕ್ರೆಡಿಟ್ ಅದರೊಳಗಿನ ನೀರು, ಮರುಭರ್ತಿಯ ವೇಗ ಅದರ ಒರತೆ. ಹೊಸಬರು ನೀರಿನ ಮಟ್ಟ ನೋಡಿ ಹಿಗ್ಗುತ್ತಾರೆ. ನೋಡಬೇಕಾದದ್ದು ಒರತೆಯನ್ನು.

ಹೈವ್ ಜಾಲದಲ್ಲಿ ಈ ಕ್ರೆಡಿಟ್ಟಿಗೆ ರಿಸೋರ್ಸ್ ಕ್ರೆಡಿಟ್, ಚಿಕ್ಕದಾಗಿ ಆರ್‌ಸಿ, ಎನ್ನುತ್ತಾರೆ. ಹೈವ್ ಟೋಕನ್ ಅನ್ನು ‘ಪವರ್ ಅಪ್’ ಮಾಡಿದರೆ ಅದು ಹೈವ್ ಪವರ್ ಆಗುತ್ತದೆ, ಆರ್‌ಸಿಯ ಮೂಲ ಅದೇ. ಬರಿದಾದ ಖಾತೆ ಪೂರ್ತಿ ತುಂಬಲು 5 ದಿನ ಬೇಕು. ಅಂದರೆ ದಿನಕ್ಕೆ ಶೇ 20, ಗಂಟೆಗೆ ಸುಮಾರು ಶೇ 0.83. ತುಂಬಿದ ಮೇಲೆ ಬರುವ ಒರತೆ ಕಟ್ಟೆ ಮೀರಿ ಹರಿದುಹೋಗುತ್ತದೆ, ಅದನ್ನು ಮುಂದಿನ ವಾರಕ್ಕೆ ಕೂಡಿಡಲು ಬರುವುದಿಲ್ಲ.

ನಿಮ್ಮ ಜಾಲದ ನಿಯಮ ಯಾವುದು?

ಎಲ್ಲ ಜಾಲಗಳೂ ಒಂದೇ ರೀತಿ ವರ್ತಿಸುವುದಿಲ್ಲ. ಆಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ: ಕ್ರೆಡಿಟ್ ಮುಗಿದರೆ ಏನಾಗುತ್ತದೆ?

ಹೈವ್‌ನಲ್ಲಿ ವಹಿವಾಟು ತಿರಸ್ಕೃತವಾಗುತ್ತದೆ, ಅಷ್ಟೇ. ಹಣ ಕೊಟ್ಟು ಆ ಕ್ಷಣಕ್ಕೆ ದಾಟಿಕೊಳ್ಳುವ ದಾರಿ ಇಲ್ಲ. ಟ್ರಾನ್‌ನಲ್ಲಿ ಹಾಗಲ್ಲ. ಅಲ್ಲಿ ಸಾಮಾನ್ಯ ವಹಿವಾಟಿಗೆ ಬ್ಯಾಂಡ್‌ವಿಡ್ತ್, ಸ್ಮಾರ್ಟ್ ಕಾಂಟ್ರ್ಯಾಕ್ಟ್ (ಜಾಲದ ಮೇಲೆ ತಾನಾಗಿ ಓಡುವ ಪ್ರೋಗ್ರಾಂ) ಓಡಿಸಲು ಎನರ್ಜಿ ಎಂದು ಎರಡು ಬಗೆಯ ಕ್ರೆಡಿಟ್ ಇವೆ. ಅವು ಸಾಲದಾದಾಗ ನಿಮ್ಮ ಖಾತೆಯಲ್ಲಿರುವ ಟಿಆರ್‌ಎಕ್ಸ್ ಟೋಕನ್ ಸದ್ದಿಲ್ಲದೆ ಸುಟ್ಟು ವ್ಯತ್ಯಾಸ ಭರಿಸಲಾಗುತ್ತದೆ. ಆಟ ನಿಲ್ಲುವುದಿಲ್ಲ, ಆದರೆ ಟೋಕನ್ ಕರಗುತ್ತಿರುವುದು ಎಷ್ಟೋ ಮಂದಿಯ ಗಮನಕ್ಕೆ ಬರುವುದು ತಡವಾಗಿ. ಬಾಗಿಲು ಮುಚ್ಚುವ ಜಾಲ ಕೋಪ ತರಿಸುತ್ತದೆ, ಜೇಬಿಗೆ ಕೈ ಹಾಕುವ ಜಾಲ ನಷ್ಟ ತರುತ್ತದೆ. ನನ್ನ ಮಟ್ಟಿಗೆ ಮೊದಲನೆಯದೇ ಪ್ರಾಮಾಣಿಕ.

ಮೂರನೆಯ ಬಗೆ ಇಒಎಸ್‌ನದು. 2018ರಲ್ಲಿ ಆರಂಭವಾದ, 2025ರಲ್ಲಿ ವಾಲ್ಟಾ ಎಂದು ಹೆಸರು ಬದಲಿಸಿಕೊಂಡ ಈ ಜಾಲದಲ್ಲಿ ಸಿಪಿಯು ಸಮಯಕ್ಕೂ (ವಹಿವಾಟನ್ನು ಓಡಿಸಲು ಕಂಪ್ಯೂಟರ್‌ಗೆ ಹಿಡಿಯುವ ಹೊತ್ತು) ಜಾಲದ ಬಳಕೆಗೂ ಪ್ರತ್ಯೇಕವಾಗಿ ಸ್ಟೇಕ್ ಮಾಡಬೇಕಿತ್ತು. ಜಾಲ ಬಿಡುವಾಗಿದ್ದಾಗ ನಿಮ್ಮ ಪಾಲಿಗಿಂತ ಎಷ್ಟೋ ಪಟ್ಟು ಹೆಚ್ಚು ಬಳಸಬಹುದಿತ್ತು. ದಟ್ಟಣೆಯಾದರೆ ನಿಮ್ಮ ಪಾಲು ಎಷ್ಟೋ ಅಷ್ಟೇ. ಬಿಡುವಿನ ಕಾಲದ ಧಾರಾಳವನ್ನೇ ತಮ್ಮ ಹಕ್ಕೆಂದು ನಂಬಿ ಆಟಗಾರರು ತೀರಾ ಸಣ್ಣ ಸ್ಟೇಕ್‌ನಲ್ಲಿ ಆಡಿಕೊಂಡಿದ್ದರು. 2019ರ ನವೆಂಬರ್‌ನಲ್ಲಿ ಐಡೋಸ್ ಎಂಬ ಟೋಕನ್ ಬಂತು. ಅದರ ಕಾಂಟ್ರ್ಯಾಕ್ಟ್‌ಗೆ ಚೂರು ಇಒಎಸ್ ಕಳಿಸಿದರೆ ಆ ಇಒಎಸ್ ಜೊತೆಗೆ ಹೊಸ ಟೋಕನ್ ಕೂಡ ಮರಳಿ ಬರುತ್ತಿತ್ತು. ವಹಿವಾಟಿಗೆ ಶುಲ್ಕವಿಲ್ಲದ ಜಾಲದಲ್ಲಿ ಇದಕ್ಕಿಂತ ದೊಡ್ಡ ಆಮಿಷ ಬೇಕೆ? ದೊಡ್ಡ ಸ್ಟೇಕ್ ಇದ್ದವರು ಬಾಟ್‌ಗಳನ್ನು, ಅಂದರೆ ತಾನಾಗಿ ವಹಿವಾಟು ಮಾಡುವ ತಂತ್ರಾಂಶಗಳನ್ನು, ಹೂಡಿ ಹಗಲಿರುಳು ಮೊಗೆದರು. ಸಿಪಿಯು ದಟ್ಟಣೆ ಏರಿತು, ಸಣ್ಣ ಖಾತೆಯವರು ಆಟವಿರಲಿ, ತಮ್ಮದೇ ಟೋಕನ್ ಇನ್ನೊಂದೆಡೆಗೆ ಕಳಿಸಲೂ ಪರದಾಡಿದರು. ಆ ಜಾಲ ಮುಂದೆ 2021ರಲ್ಲಿ ಪವರ್‌ಅಪ್ ಎಂಬ ಮಾದರಿ ತಂದು, ಸಣ್ಣ ಶುಲ್ಕಕ್ಕೆ 24 ಗಂಟೆಗಳ ಮಟ್ಟಿಗೆ ಸಂಪನ್ಮೂಲ ಬಾಡಿಗೆಗೆ ಪಡೆಯುವ ವ್ಯವಸ್ಥೆ ಮಾಡಿತು.

ಇದರಿಂದ ಕಲಿಯಬೇಕಾದದ್ದು ಇಷ್ಟು: ಜಾಲ ಖಾಲಿಯಿದ್ದ ದಿನ ಎಷ್ಟು ಆಡಿದಿರಿ ಎಂಬುದರ ಮೇಲೆ ಲೆಕ್ಕ ಹಾಕಬೇಡಿ.

ಒಂದು ಗಂಟೆ ಆಡಿ, ಬರೆದಿಡಿ

ಈಗ ಕೈಯಾರೆ ಮಾಡುವ ಕೆಲಸ. ನಾನು ಹೈವ್‌ನ ಲೆಕ್ಕವನ್ನೇ ಹಿಡಿದು ಹೇಳುತ್ತೇನೆ, ಬೇರೆ ಜಾಲದವರು ಮರುಭರ್ತಿಯ ವೇಗ ಬದಲಿಸಿಕೊಂಡರೆ ಸಾಕು.

ಹೈವ್ ಕೀಚೈನ್‌ನಂಥ ವ್ಯಾಲೆಟ್ ತೆರೆದರೆ ಆರ್‌ಸಿ ಎಷ್ಟಿದೆ ಎಂಬುದು ಶೇಕಡಾವಾರು ಕಾಣಿಸುತ್ತದೆ. ಆಟ ಆರಂಭಿಸುವ ಮೊದಲು ಅದನ್ನು ಬರೆದಿಡಿ. ಶೇ 90 ಇದೆ ಎನ್ನೋಣ. ಒಂದು ಗಂಟೆಯಲ್ಲಿ ಹತ್ತು ಪಂದ್ಯ ಆಡಿ ಮತ್ತೆ ನೋಡಿದರೆ ಶೇ 84. ಹತ್ತು ಪಂದ್ಯಕ್ಕೆ ಶೇ 6 ಖರ್ಚಾಯಿತು ಎಂದುಕೊಂಡರೆ ತಪ್ಪಾಗುತ್ತದೆ, ಏಕೆಂದರೆ ಆ ಗಂಟೆಯಲ್ಲಿ ಒರತೆಯಿಂದ ಶೇ 0.8ರಷ್ಟು ತುಂಬಿಯೂ ಇದೆ. ನಿಜವಾದ ಖರ್ಚು 6.8, ಪಂದ್ಯಕ್ಕೆ 0.68. ದಿನದ ಒರತೆ 20ನ್ನು 0.68ರಿಂದ ಭಾಗಿಸಿದರೆ 29. ದಿನವೂ ಆಡುವವರಿಗೆ ಈ ಖಾತೆಯಲ್ಲಿ 29 ಪಂದ್ಯ ದಕ್ಕುತ್ತದೆ.

ತುಂಬಿದ ಬಾವಿಯೊಂದಿಗೆ ಆರಂಭಿಸಿದವರು ಮೊದಲ ದಿನವೇ ನೂರಕ್ಕೂ ಹೆಚ್ಚು ಪಂದ್ಯ ಆಡಿಬಿಡಬಹುದು. ಆ ಉತ್ಸಾಹದಲ್ಲಿ ಮರುದಿನಕ್ಕೂ ನೂರು ಪಂದ್ಯದ ಯೋಜನೆ ಹಾಕಿದರೆ ನಿರಾಸೆ ಖಂಡಿತ. ವಾರಾಂತ್ಯದಲ್ಲಿ ಮಾತ್ರ ಆಡುವವರ ಲೆಕ್ಕ ಬೇರೆ: ಉಳಿದ 5 ದಿನಗಳಲ್ಲಿ ಬಾವಿ ತಾನಾಗಿ ತುಂಬಿರುತ್ತದೆ, ಹಾಗಾಗಿ ಸಣ್ಣ ಸ್ಟೇಕ್ ಕೂಡ ಅವರಿಗೆ ಸಾಕಾಗುತ್ತದೆ. ದಿನಕ್ಕೆ 58 ಪಂದ್ಯ ಬೇಕೆನ್ನುವವರು ಸ್ಟೇಕ್ ಅನ್ನು ಇಮ್ಮಡಿ ಮಾಡಬೇಕು. ಲೆಕ್ಕ ನೇರ.

ಒಂದು ಎಚ್ಚರಿಕೆ. ವಹಿವಾಟಿನ ಆರ್‌ಸಿ ಬೆಲೆ ಸ್ಥಿರವಲ್ಲ. ವಹಿವಾಟು ಎಷ್ಟು ಬೈಟ್ ಜಾಗ ಹಿಡಿಯುತ್ತದೆ, ಎಷ್ಟು ಹೊತ್ತು ಓಡುತ್ತದೆ ಎಂಬುದರ ಜೊತೆಗೆ ಇಡೀ ಜಾಲದಲ್ಲಿ ಬೇಡಿಕೆ ಎಷ್ಟಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹೊಸ ಆಟವೊಂದು ಜನಪ್ರಿಯವಾದ ವಾರ ನಿಮ್ಮ 29 ಪಂದ್ಯ 20ಕ್ಕೆ ಇಳಿಯಬಹುದು. ಆದ್ದರಿಂದ ಅಳತೆಯನ್ನು ಆಗಾಗ ಮತ್ತೆ ಮಾಡಿ, ಕಾಲು ಭಾಗದಷ್ಟನ್ನಾದರೂ ಬಾವಿಯ ತಳದಲ್ಲಿ ಬಿಡಿ. ಪಂದ್ಯಾವಳಿ ಇರುವ ಹಿಂದಿನ ದಿನ ಅಭ್ಯಾಸ ಪಂದ್ಯ ಬೇಡ.

ಸ್ಟೇಕ್ ಮಾಡುವುದೋ, ಎರವಲು ಪಡೆಯುವುದೋ?

ಸ್ಟೇಕ್ ಮಾಡುವ ಮೊದಲು ಬಿಡಿಸಿಕೊಳ್ಳಲು ಎಷ್ಟು ದಿನ ಬೇಕು ಎಂದು ನೋಡಿ. ಟ್ರಾನ್‌ನಲ್ಲಿ 2023ರಲ್ಲಿ ಬಂದ ಹೊಸ ಸ್ಟೇಕಿಂಗ್ ವ್ಯವಸ್ಥೆಯ ಪ್ರಕಾರ 14 ದಿನ. ಹೈವ್‌ನಲ್ಲಿ ‘ಪವರ್ ಡೌನ್’ ಮಾಡಿದರೆ ವಾರಕ್ಕೊಂದು ಕಂತಿನಂತೆ 13 ಕಂತು, ಮೊದಲ ಕಂತು ಕೈಸೇರಲೂ ಒಂದು ವಾರ. ಈ ಮೂರು ತಿಂಗಳಲ್ಲಿ ಟೋಕನ್ ಬೆಲೆ ಕುಸಿದರೆ ನೀವು ನೋಡುತ್ತಾ ಕೂರಬೇಕು. ಶುಲ್ಕವಿಲ್ಲ ಎನ್ನುವ ಜಾಲ ನಿಮ್ಮಿಂದ ಪಡೆಯುವ ನಿಜವಾದ ಬೆಲೆ ಇದು: ಹಣವನ್ನು ಕಟ್ಟಿಹಾಕುವ ಅವಧಿ, ಅದರೊಳಗಿನ ಅಪಾಯ. ಕಳೆದುಕೊಂಡರೂ ನಿದ್ದೆ ಕೆಡದಷ್ಟನ್ನು ಮಾತ್ರ ಸ್ಟೇಕ್ ಮಾಡಿ.

ಕೆಲವು ವಾರ ಆಡಿ ನೋಡೋಣ ಎನ್ನುವವರಿಗೆ ಡೆಲಿಗೇಷನ್, ಅಂದರೆ ಎರವಲು, ಹೆಚ್ಚು ಸೂಕ್ತ. ಹಿಂದೆ ಹೈವ್‌ನಲ್ಲಿ ಹೈವ್ ಪವರ್ ಅನ್ನೇ ಎರವಲು ಕೊಡಬೇಕಿತ್ತು. ಅದರೊಂದಿಗೆ ಆ ಜಾಲದಲ್ಲಿ ಪ್ರಕಟವಾಗುವ ಬರಹಗಳಿಗೆ ಮತ ಹಾಕಿ ಪ್ರತಿಫಲ ಹಂಚುವ ಶಕ್ತಿಯೂ ಹೋಗುತ್ತಿದ್ದುದರಿಂದ ಜನ ಹಿಂಜರಿಯುತ್ತಿದ್ದರು. 2022ರ ಅಕ್ಟೋಬರ್‌ನ ಹಾರ್ಡ್ ಫೋರ್ಕ್ 26 ಎಂಬ ನಿಯಮ ಬದಲಾವಣೆಯ ಬಳಿಕ ಆರ್‌ಸಿಯನ್ನು ಮಾತ್ರ ಬೇರ್ಪಡಿಸಿ ಕೊಡಲು ಸಾಧ್ಯವಾಯಿತು. ಮತದ ಶಕ್ತಿ ಕೊಟ್ಟವರ ಬಳಿಯೇ ಉಳಿಯುತ್ತದೆ. ನಿಮ್ಮ ಆಟದ ಸಂಘದಲ್ಲಿ ದೊಡ್ಡ ಸ್ಟೇಕ್ ಇದ್ದು ದಿನವೂ ಬಾವಿ ಉಕ್ಕಿಸುವವರು ಯಾರಾದರೂ ಇದ್ದೇ ಇರುತ್ತಾರೆ, ಸಂಕೋಚವಿಲ್ಲದೆ ಕೇಳಿ. ಆದರೆ ಎರವಲು ಕೊಟ್ಟವರು ಯಾವಾಗ ಬೇಕಾದರೂ ಹಿಂಪಡೆಯಬಹುದು ಎಂಬುದು ನೆನಪಿರಲಿ.

ಎರವಲು ಪಡೆಯಲು ನಿಮ್ಮ ಯಾವ ಕೀಲಿಯನ್ನೂ (ಪಾಸ್‌ವರ್ಡ್‌ನಂಥ ಗುಪ್ತ ಸಂಕೇತ) ಯಾರಿಗೂ ಕೊಡಬೇಕಾಗಿಲ್ಲ. ಕೇಳಿದವರು ಮೋಸಗಾರರು ಎಂದೇ ತಿಳಿಯಿರಿ. ಹೈವ್ ಖಾತೆಗೆ ಹಲವು ಕೀಲಿಗಳಿವೆ. ಆಟದ ಮಾಮೂಲಿ ನಡೆಗಳಿಗೆ ಪೋಸ್ಟಿಂಗ್ ಕೀಲಿ ಸಾಕು, ಟೋಕನ್ ವರ್ಗಾವಣೆಗೆ ಆ್ಯಕ್ಟಿವ್ ಕೀಲಿ ಬೇಕು, ಓನರ್ ಕೀಲಿ ಯಾವ ಆಟಕ್ಕೂ ಬೇಡ.

ಆಟ ಕಟ್ಟುವವರು ಮಾಡಬೇಕಾದದ್ದು

ಸ್ಪ್ಲಿಂಟರ್‌ಲ್ಯಾಂಡ್ಸ್ 2018ರಲ್ಲಿ ಸ್ಟೀಮ್ ಜಾಲದಲ್ಲಿ ಸ್ಟೀಮ್ ಮಾನ್‌ಸ್ಟರ್ಸ್ ಎಂಬ ಹೆಸರಿನಿಂದ ಆರಂಭವಾದ ಕಾರ್ಡ್ ಆಟ, 2020ರಲ್ಲಿ ಸ್ಟೀಮ್‌ನಿಂದ ಕವಲೊಡೆದ ಹೈವ್‌ಗೆ ಬಂತು. ಪಂದ್ಯಕ್ಕೆ ಕಳಿಸುವ ತಂಡವೂ ಬ್ಲಾಕ್‌ಚೈನ್‌ನಲ್ಲಿ ದಾಖಲಾಗುವ ಇಂಥ ಆಟ ಗ್ಯಾಸ್ ಶುಲ್ಕದ ಜಾಲದಲ್ಲಿ ಉಸಿರಾಡುವುದು ಕಷ್ಟವಿತ್ತು. ಮೂರು ಸೆಕೆಂಡಿಗೊಂದು ಬ್ಲಾಕ್ (ದಾಖಲಾಗುವ ವಹಿವಾಟುಗಳ ಕಂತೆ), ನಡೆಗೆ ಹಣವಿಲ್ಲ: ಕ್ರೆಡಿಟ್ ಮಾದರಿ ಆಟಗಳಿಗೆ ಕೊಟ್ಟ ಕೊಡುಗೆ ಇದು.

ಸಮಸ್ಯೆ ಇರುವುದು ಹೊಸ್ತಿಲಿನಲ್ಲಿ. ಹೊಸಬನ ಬಾವಿ ಬೊಗಸೆಯಷ್ಟು. ಸ್ಟೀಮ್ ಜಾಲ 2018ರ ಸೆಪ್ಟೆಂಬರ್‌ನಲ್ಲಿ ಹಾರ್ಡ್ ಫೋರ್ಕ್ 20ರ ಮೂಲಕ ಈ ಆರ್‌ಸಿ ವ್ಯವಸ್ಥೆ ತಂದಾಗ ಮೊದಲ ದಿನಗಳಲ್ಲಿ ಸಣ್ಣ ಖಾತೆಯವರಿಗೆ ಒಂದು ಸಾಲಿನ ಟಿಪ್ಪಣಿ ಹಾಕುವುದೂ ಆಗಲಿಲ್ಲ. ಆಟಕ್ಕೆ ಬಂದವನಿಗೆ ಮೂರನೆಯ ಪಂದ್ಯದಲ್ಲೇ ಬಾಗಿಲು ಮುಚ್ಚಿದರೆ ಅವನು ಕಾರಣ ಹುಡುಕುತ್ತಾ ಕೂರುವುದಿಲ್ಲ, ಹೊರಟುಹೋಗುತ್ತಾನೆ. ಆದ್ದರಿಂದ ಆಟದ ಸಂಸ್ಥೆಯೇ ದೊಡ್ಡದೊಂದು ಖಾತೆಯಲ್ಲಿ ಸ್ಟೇಕ್ ಇಟ್ಟು ಹೊಸಬರಿಗೆ ಆರ್‌ಸಿ ಎರವಲು ಕೊಡಬೇಕು. ಸ್ಟೇಕ್ ಬೆಳೆದ ಖಾತೆಗಳಿಂದ, ತಿಂಗಳಿಂದ ಆಡದ ಖಾತೆಗಳಿಂದ ಅದನ್ನು ಹಿಂಪಡೆದು ಮುಂದಿನವರಿಗೆ ಹರಿಸಬೇಕು. ಹೊಸ ಖಾತೆ ತೆರೆಯಲು ಹೈವ್‌ನಲ್ಲಿ 3 ಹೈವ್ ಶುಲ್ಕವಿದೆ, ಆದರೆ ಸಾಕಷ್ಟು ಆರ್‌ಸಿ ಇದ್ದರೆ ಅದನ್ನೇ ಖರ್ಚು ಮಾಡಿ ಖಾತೆ ತೆರೆಯುವ ಟೋಕನ್ ಪಡೆಯಬಹುದು. ಸಂಸ್ಥೆಯ ಬಾವಿ ಉಕ್ಕಿ ಹರಿಯುವ ಹೊತ್ತಿನಲ್ಲಿ ಅವನ್ನು ಕೂಡಿಟ್ಟುಕೊಳ್ಳುವುದು ಜಾಣತನ.

ಆಟದ ಪ್ರತಿ ವಿವರವನ್ನೂ ಬ್ಲಾಕ್‌ಚೈನ್‌ಗೆ ತುರುಕಬೇಡಿ. ಯಾರು ಯಾವ ತಂಡ ಕಳಿಸಿದರು, ಯಾವ ಕಾರ್ಡ್ ಯಾರ ಕೈ ಸೇರಿತು ಎಂಬುದು ದಾಖಲಾಗಲಿ. ಒಂದೊಂದು ಏಟಿನ ದಾಖಲೆ ಬೇಡ. ಹತ್ತು ಕಾರ್ಡ್ ವರ್ಗಾಯಿಸಲು ಹತ್ತು ವಹಿವಾಟಿನ ಬದಲು ಒಂದರಲ್ಲೇ ಹತ್ತನ್ನೂ ಸೇರಿಸಿ. ಉಳಿದಿರುವ ಕ್ರೆಡಿಟ್‌ನಲ್ಲಿ ಎಷ್ಟು ಪಂದ್ಯ ಆಡಬಹುದು ಎಂಬುದನ್ನು ಆಟದ ಪರದೆಯಲ್ಲೇ ತೋರಿಸಿ, ಪಂದ್ಯಕ್ಕೆ ಎದುರಾಳಿ ಗೊತ್ತಾಗುವ ಮೊದಲೇ ಕ್ರೆಡಿಟ್ ಸಾಲದೆಂದು ಎಚ್ಚರಿಸಿ. ಇಷ್ಟು ಮಾಡಿದ್ದರೆ ನಾನು ಅಂದು ಆ ಪಂದ್ಯ ಸೋಲುತ್ತಿರಲಿಲ್ಲ.

ಬಾಟ್‌ಗಳನ್ನು ಈ ಮಾದರಿ ತಾನಾಗಿ ತಡೆಯುತ್ತದೆ ಎಂಬ ಭರವಸೆಯನ್ನು ನಾನು ಒಪ್ಪುವುದಿಲ್ಲ. ಕಾಸಿಲ್ಲದೆ ಕಸ ಸುರಿಯುವವರನ್ನು ಅದು ತಡೆಯುತ್ತದೆ. ಸ್ಟೇಕ್ ಇರುವವರ ಬಾಟ್‌ಗಳಿಗೆ ಐಡೋಸ್ ಕಾಲದಲ್ಲಿ ಆದಂತೆ ರತ್ನಗಂಬಳಿಯನ್ನೇ ಹಾಸುತ್ತದೆ. ಬಹುಮಾನದ ನಿಯಮಗಳಲ್ಲೇ ಅದಕ್ಕೆ ಕಡಿವಾಣ ಹಾಕಬೇಕು.

ಹೊರಡುವಾಗ

ಆಟ ಸಾಕೆನಿಸಿದರೆ ಕ್ರಮ ತಪ್ಪಬೇಡಿ. ನೀವು ಯಾರಿಗಾದರೂ ಹೈವ್ ಪವರ್ ಎರವಲು ಕೊಟ್ಟಿದ್ದರೆ ಮೊದಲು ಅದನ್ನು ಹಿಂಪಡೆಯಿರಿ, ಅದು ನಿಮ್ಮ ಖಾತೆಗೆ ಮರಳಲು 5 ದಿನ ಬೇಕು. ಆಮೇಲೆ ಕಾರ್ಡ್‌ಗಳನ್ನು ಮಾರುವುದಿದ್ದರೆ ಮಾರಿ, ಆಟದೊಳಗಿನ ಟೋಕನ್‌ಗಳನ್ನು ಹೊರಗೆ ಸಾಗಿಸಿ, ಏಕೆಂದರೆ ಇವಕ್ಕೂ ಕ್ರೆಡಿಟ್ ಬೇಕು. ಇದೆಲ್ಲ ಮುಗಿದ ಮೇಲೆ ಪವರ್ ಡೌನ್ ಆರಂಭಿಸಿ. ಕಂತು ಕಂತಾಗಿ ಸ್ಟೇಕ್ ಕರಗಿದಂತೆ ಬಾವಿಯೂ ಕಿರಿದಾಗುತ್ತಾ ಹೋಗುತ್ತದೆ. 13ನೆಯ ಕಂತನ್ನು ಬೇರೆಡೆಗೆ ವರ್ಗಾಯಿಸಲು ಬೇಕಾಗುವಷ್ಟು ಹೈವ್ ಪವರ್ ಅನ್ನು ಪವರ್ ಡೌನ್‌ಗೆ ಸೇರಿಸದೆ ಖಾತೆಯಲ್ಲೇ ಬಿಡಿ.